ದೈನಂದಿನ ಸಂಬಂಧಗಳಲ್ಲಿ ಕೋಪ: ಅರಿವು ಮತ್ತು ನಿರ್ವಹಣೆ

ಪಾಠದ ಉದ್ದೇಶಗಳು

ಈ ಪಾಠದ ಅಧ್ಯಯನದ ಬಳಿಕ ಶಿಕ್ಷಕರು
1. ಕೋಪದ ಬಗೆಗಳನ್ನು ಕನ್ನಡದ ಪದಗಳ ಮೂಲಕವೇ ಬೇರ್ಪಡಿಸಿ ಗುರುತಿಸುವರು.
2. ಒಂದು ಕಡೆ ಹುಟ್ಟಿದ ಕೋಪವು ಇನ್ನೊಂದು ಕಡೆ ಎರಗುವ ಕ್ರಮವನ್ನು ವಿವರಿಸುವರು.
3. ಕೋಪವನ್ನು ತಡೆಹಿಡಿಯುವ, ಮಾತಾಗಿಸುವ ಮತ್ತು ಕೆಟ್ಟ ಸಂಬಂಧವನ್ನು ಸರಿಪಡಿಸುವ ಹಂತಗಳನ್ನು ಬಳಸುವರು.
4. ಇದೇ ವಿಷಯವನ್ನು ಮಕ್ಕಳಿಗೆ ಭಾಷಾಪಾಠವಾಗಿ ಕಲಿಸುವರು.

ಪೀಠಿಕೆ

ಕೋಪದ ಬಗ್ಗೆ ಭಾರತೀಯ ಚಿಂತನೆಯಲ್ಲಿ ಎರಡು ನೋಟಗಳಿವೆ. ಭರತನ ನಾಟ್ಯಶಾಸ್ತ್ರವು ಕ್ರೋಧವನ್ನು ರೌದ್ರರಸದ ಸ್ಥಾಯಿಭಾವವೆಂದು ಕರೆದು, ಪ್ರೀತಿ, ಶೋಕ, ಭಯಗಳ ಸಾಲಿನಲ್ಲಿಯೇ ಅದಕ್ಕೂ ಸ್ಥಾನ ನೀಡಿದೆ. ನೀತಿಗ್ರಂಥಗಳು ಅದನ್ನು ಅರಿಷಡ್ವರ್ಗಗಳಲ್ಲಿ ಒಂದೆಂದು, ಅಂದರೆ ಮನುಷ್ಯನ ಒಳಗಿನ ಶತ್ರುವೆಂದು ಎಣಿಸಿವೆ. ಬಸವಣ್ಣನವರ ಸುಪ್ರಸಿದ್ಧ ವಚನವೊಂದು ಕಳವು, ಕೊಲೆ, ಸುಳ್ಳುಗಳ ಜೊತೆಗೇ ಮುನಿಸನ್ನೂ ಬಿಡಬೇಕಾದವುಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಈ ಎರಡು ನೋಟಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ಕೋಪ ಬರುವುದು ಸಹಜ. ಅದರ ವಶವಾಗುವುದು ಹಾನಿಕರ. ಶಿಕ್ಷಕನಿಗೆ ಎರಡೂ ತಿಳಿದಿರಬೇಕು. ಮೊದಲನೆಯದನ್ನು ಮರೆತ ಶಿಕ್ಷಕ ತನಗೆ ಕೋಪವೇ ಬರುವುದಿಲ್ಲವೆಂದು ನಂಬಿ, ಅದನ್ನು ವ್ಯಂಗ್ಯದ ರೂಪದಲ್ಲಿ ಹೊರಹಾಕುತ್ತಾನೆ. ಎರಡನೆಯದನ್ನು ಮರೆತವನು ತನ್ನ ಕೋಪವನ್ನೇ ಶಿಸ್ತೆಂದು ತಿಳಿಯುತ್ತಾನೆ.

ರಾಜ್ಯದ ಗಡಿಯಾಚೆಗಿನ ಕನ್ನಡ ಶಾಲೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ತೂಕವಿದೆ. ಇಲ್ಲಿ ತರಗತಿಗಳು ಬಹುಪಾಲು ಚಿಕ್ಕವು. ಮನನೊಂದ ಮಗುವಿಗೆ ಅದೇ ಊರಿನಲ್ಲಿ ಅಥವಾ ಪಕ್ಕದ ಊರಿನಲ್ಲಿ ಬೇರೆ ಮಾಧ್ಯಮದ ಶಾಲೆಯ ಬಾಗಿಲು ತೆರೆದೇ ಇರುತ್ತದೆ. ಗಣಿತದ ಶಿಕ್ಷಕ ಗದರಿದರೆ ಮಗು ಗಣಿತಕ್ಕೆ ಹೆದರುತ್ತದೆ. ಅಲ್ಪಸಂಖ್ಯಾತ ಭಾಷೆಯ ಶಿಕ್ಷಕ ಮಗುವಿನ ಮಾತಿನ ಬಗ್ಗೆ ಗದರಿದರೆ ಆ ಹೆದರಿಕೆ ಭಾಷೆಗೇ ಅಂಟಿಕೊಳ್ಳುತ್ತದೆ. ಆದುದರಿಂದ ಕೋಪದ ನಿರ್ವಹಣೆಯು ಇಲ್ಲಿ ಶಿಕ್ಷಕನ ಸ್ವಂತ ನೆಮ್ಮದಿಯ ವಿಷಯ ಮಾತ್ರವಲ್ಲ, ಶಾಲೆಯ ಉಳಿವಿನ ವಿಷಯವೂ ಆಗಿದೆ.

1. ಭಾಷೆಯು ಕಲಿಸುವ ತಿಳಿವು

ಕನ್ನಡವು ಕೋಪಕ್ಕೆ ಒಂದೇ ಹೆಸರನ್ನಿಟ್ಟು ಸುಮ್ಮನಾಗಿಲ್ಲ. ಬೇಸರ, ಕಿರಿಕಿರಿ, ಅಸಮಾಧಾನ, ಸಿಡುಕು, ಸಿಟ್ಟು, ರೋಷ, ಕ್ರೋಧ ಇವು ಏರುತ್ತ ಹೋಗುವ ಮೆಟ್ಟಿಲುಗಳಂತಿವೆ. ಸಿಡುಕು ಎಂಬುದು ಹೆಚ್ಚಾಗಿ ಸ್ವಭಾವವನ್ನು, ರೋಷ ಎಂಬುದು ಸ್ವಾಭಿಮಾನಕ್ಕೆ ಬಿದ್ದ ಪೆಟ್ಟನ್ನು ಸೂಚಿಸುತ್ತದೆ. ಮುನಿಸು ಈ ಮೆಟ್ಟಿಲುಗಳ ಪಕ್ಕದಲ್ಲಿ ಬೇರೆಯಾಗಿಯೇ ನಿಲ್ಲುವ ಪದ. ದಾರಿಹೋಕನ ಮೇಲೆ ಸಿಟ್ಟು ಬರಬಹುದು. ಮುನಿಸು ಬರುವುದು ಸಾಮಾನ್ಯವಾಗಿ ತನ್ನವರ ಮೇಲೆ. ಎದುರಿನವರು ಬಂದು ಸಮಾಧಾನ ಮಾಡಲಿ ಎಂಬ ನಿರೀಕ್ಷೆ ಅದರೊಳಗೇ ಇರುತ್ತದೆ. ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತ ಮಗು ಸಿಟ್ಟಾಗಿದೆಯೋ ಮುನಿಸಿಕೊಂಡಿದೆಯೋ ಎಂಬುದನ್ನು ಗುರುತಿಸಿದ ಶಿಕ್ಷಕ, ಅದನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಬೇಕೋ ಹತ್ತಿರ ಹೋಗಿ ಮಾತನಾಡಿಸಬೇಕೋ ಎಂಬುದನ್ನೂ ಅರಿಯುತ್ತಾನೆ. ಅನ್ಯಾಯವನ್ನು ಕಂಡು ಏಳುವ ಸಾತ್ತ್ವಿಕ ಕೋಪವೆಂಬ ಇನ್ನೊಂದು ಬಗೆಯೂ ಇದೆ. ಅದನ್ನು ಆರಿಸಬೇಕಾಗಿಲ್ಲ, ಸರಿಯಾದ ಕಡೆಗೆ ತಿರುಗಿಸಬೇಕು.

ವ್ಯಾಕರಣವೂ ಒಂದು ಪಾಠವನ್ನು ಹೇಳುತ್ತದೆ. ಕನ್ನಡಿಗನು ‘ನನಗೆ ಸಿಟ್ಟು ಬಂತು’ ಎನ್ನುತ್ತಾನೆ. ಇಲ್ಲಿ ಸಿಟ್ಟು ಕರ್ತೃಪದ. ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿದ್ದಾನೆ. ಸಿಟ್ಟು ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಹೋಗುತ್ತದೆ. ಆದರೆ ‘ಸಿಟ್ಟು ಮಾಡಿಕೊಂಡೆ’, ‘ಸಿಟ್ಟು ತೀರಿಸಿಕೊಂಡೆ’ ಎನ್ನುವಾಗ ಮನುಷ್ಯನೇ ಕರ್ತೃವಾಗುತ್ತಾನೆ. ಬರುವುದು ಅವನ ಕೈಯಲ್ಲಿಲ್ಲ. ತೀರಿಸಿಕೊಳ್ಳುವ ರೀತಿ ಅವನ ಕೈಯಲ್ಲಿದೆ. ಗಡಿಭಾಗದ ಮಕ್ಕಳು ಕಿವಿಗೊಟ್ಟು ಕೇಳುವ ಇತರ ಭಾಷೆಗಳೂ ಇದೇ ಮಾತನ್ನು ಹೇಳುತ್ತವೆ. ಮರಾಠಿಯಲ್ಲಿ ‘ಮಲಾ ರಾಗ ಆಲಾ’, ಮಲಯಾಳದಲ್ಲಿ ‘ಎನಿಕ್ಕ್ ದೇಷ್ಯಂ ವನ್ನು’, ತೆಲುಗಿನಲ್ಲಿ ‘ನಾಕು ಕೋಪಂ ವಚ್ಚಿಂದಿ’, ತಮಿಳಿನಲ್ಲಿ ‘ಎನಕ್ಕು ಕೋಬಂ ವಂದದು’. ಪದಗಳು ಬೇರೆಯಾದರೂ ವಾಕ್ಯದ ಕಟ್ಟಡ ಒಂದೇ. ಮಗುವಿನ ಎರಡು ಭಾಷೆಗಳು ಪರಸ್ಪರ ಶತ್ರುಗಳಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ.

2. ದೇಹದಲ್ಲಿ ಕೋಪ

ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯ ಮತ್ತು ಕೋಪಗಳಲ್ಲಿ ದೇಹವು ಹೋರಾಟಕ್ಕೆ ಅಥವಾ ಪಲಾಯನಕ್ಕೆ ಸಿದ್ಧವಾಗುವ ಬಗೆಯನ್ನು ವಿವರಿಸಿದನು. ಅಡ್ರಿನಲಿನ್ ಎಂಬ ಸ್ರಾವವು ರಕ್ತಕ್ಕೆ ಸೇರುತ್ತದೆ, ಎದೆಬಡಿತ ಮತ್ತು ಉಸಿರಾಟದ ವೇಗ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಈ ಸಿದ್ಧತೆಯು ಕ್ಷಣಮಾತ್ರದಲ್ಲಿ ಆಗುತ್ತದೆ. ಇಳಿಯಲು ಮಾತ್ರ ಹಲವು ನಿಮಿಷಗಳು ಬೇಕು. ಆ ಹೊತ್ತಿನಲ್ಲಿ ಆಡಿದ ಮಾತು ವಿವೇಕದಿಂದ ಬಂದುದಾಗಿರುವುದು ಅಪರೂಪ. ಭಗವದ್ಗೀತೆಯ 2ನೆಯ ಅಧ್ಯಾಯವು ಕ್ರೋಧದಿಂದ ಸಮ್ಮೋಹ, ಅದರಿಂದ ಸ್ಮೃತಿಭ್ರಂಶ, ಅದರಿಂದ ಬುದ್ಧಿನಾಶ ಎಂಬ ಕ್ರಮವನ್ನು ಹೇಳಿದೆ. ತರಗತಿಯಲ್ಲಿ ಈ ಸ್ಮೃತಿಭ್ರಂಶವು ಪ್ರತ್ಯಕ್ಷವಾಗಿ ಕಾಣುತ್ತದೆ: ಸಿಟ್ಟೇರಿದ ಗಳಿಗೆಯಲ್ಲಿ ಶಿಕ್ಷಕನಿಗೆ ಆ ಮಗು ಹಿಂದಿನ ವಾರ ಮಾಡಿದ ಒಳ್ಳೆಯ ಕೆಲಸವೊಂದೂ ನೆನಪಿಗೆ ಬರುವುದಿಲ್ಲ.

ಕೋಪವನ್ನು ಹೊರಗೆ ಕಾರಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ರ್ಯಾಡ್ ಬುಷ್‌ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ವಿರುದ್ಧವಾದ ಫಲವನ್ನು ತೋರಿಸಿತು. ಕೋಪ ಬರಿಸಿದ ವ್ಯಕ್ತಿಯನ್ನೇ ನೆನೆಯುತ್ತ ಮುಷ್ಟಿಯಿಂದ ಚೀಲವನ್ನು ಗುದ್ದಿದ ವಿದ್ಯಾರ್ಥಿಗಳ ಕೋಪ ಹೆಚ್ಚೇ ಆಗಿತ್ತು. ಏನೂ ಮಾಡದೆ ಸುಮ್ಮನೆ ಕುಳಿತವರು ಅವರಿಗಿಂತ ಶಾಂತರಾಗಿದ್ದರು. ಅಂದರೆ ಮೇಜು ಗುದ್ದುವುದು, ಕೂಗಾಡುವುದು, ಆದದ್ದನ್ನೇ ಹತ್ತು ಜನರ ಮುಂದೆ ಹೇಳಿ ಹೇಳಿ ಕುದಿಯುವುದು ಇವೆಲ್ಲ ಬೆಂಕಿಗೆ ಗಾಳಿ ಹಾಕುವ ಕೆಲಸಗಳು.

3. ಕೋಪ ಹರಿಯುವ ದಿಕ್ಕು

ನೀರಿನಂತೆ ಕೋಪವೂ ತಗ್ಗಿನ ಕಡೆಗೆ ಹರಿಯುತ್ತದೆ. ಇದನ್ನು ಕನ್ನಡದ ಎರಡು ಗಾದೆಗಳು ಸೊಗಸಾಗಿ ಹೇಳುತ್ತವೆ. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂಬುದು ಮೊದಲನೆಯದು. ತಿರುಗಿ ಮಾತನಾಡಲಾಗದ ಹಿರಿಯರ ಮೇಲೆ ಹುಟ್ಟಿದ ಕೋಪವು, ತಿರುಗಿ ಬೀಳಲಾಗದ ಬಡಪ್ರಾಣಿಯ ಮೇಲೆ ಎರಗುತ್ತದೆ. ‘ಬಡವನ ಕೋಪ ದವಡೆಗೆ ಮೂಲ’ ಎಂಬುದು ಎರಡನೆಯದು. ಬಲವಿಲ್ಲದವನು ಮೇಲಿನವನ ಎದುರು ಕೋಪ ತೋರಿಸಿದರೆ ಪೆಟ್ಟು ತಿನ್ನುವವನು ಅವನೇ. ಎರಡನೆಯ ಗಾದೆಯ ಭಯವೇ ಮೊದಲನೆಯ ಗಾದೆಯ ಕೊತ್ತಿಯನ್ನು ಹುಡುಕುತ್ತದೆ.

ಶಾಲೆಯಲ್ಲಿ ಈ ಇಳಿಜಾರಿನ ಕೊನೆಯಲ್ಲಿ ನಿಂತಿರುವುದು ಮಗು. ಸುತ್ತೋಲೆಗಳು ಅನ್ಯಭಾಷೆಯಲ್ಲಿ ಬರುತ್ತವೆ. ಮಾಹಿತಿ ಪತ್ರಗಳನ್ನು ಅದೇ ಭಾಷೆಯಲ್ಲಿ ತುಂಬಬೇಕು. ಪಠ್ಯಪುಸ್ತಕ ತಡವಾದರೆ ಪೋಷಕರಿಗೆ ಉತ್ತರಿಸಬೇಕಾದವನು ಶಿಕ್ಷಕ. ಈ ಒತ್ತಡಗಳಲ್ಲಿ ಯಾವುದನ್ನೂ ಮಗು ಉಂಟುಮಾಡಿಲ್ಲ. ಆದರೆ ಅವುಗಳ ಸಿಟ್ಟು ಇಳಿಯಲು ಮಗುವಿನ ಒಂದು ಅಕ್ಷರದೋಷ ಸಾಕಾಗುತ್ತದೆ.

4. ಸಂದರ್ಭ ಅಧ್ಯಯನ

ಕೆಳಗಿನದು ಕಲ್ಪಿತ ಸಂದರ್ಭ. ಜತ್ತ ಅಥವಾ ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಬಹುದು.

ಬೆಳಗಿನ ಸಭೆಯಲ್ಲಿ, ಮಾಹಿತಿ ಪತ್ರವನ್ನು ಮರಾಠಿಯಲ್ಲಿ ತಪ್ಪಾಗಿ ತುಂಬಿದ್ದಕ್ಕಾಗಿ ಶಿಕ್ಷಕರೊಬ್ಬರು ಎಲ್ಲರೆದುರು ಮಾತು ಕೇಳಬೇಕಾಗುತ್ತದೆ. ಮಧ್ಯಾಹ್ನ ಅವರು ಶಾಲೆಗೆ ಬಂದಾಗ ನಾಲ್ಕನೆಯ ತರಗತಿಯ ಇಬ್ಬರು ಹುಡುಗರು ಗುದ್ದಾಡುತ್ತಿರುತ್ತಾರೆ. ಕಾರಣ ಕೇಳಿದಾಗ ಒಬ್ಬನು, “ಅವ ನನ್ನ ವಹಿ ಹರದಾನ್ರಿ ಸರ್, ಅದಕ್ಕ ನನಗ ರಾಗ ಬಂತ್ರಿ” ಎನ್ನುತ್ತಾನೆ. ಶಿಕ್ಷಕರು, “ರಾಗ ಬಂದರ ಹಾಡಲಾ ಹಂಗಾರ! ಕನ್ನಡ ಸಾಲ್ಯಾಗ ನಾಕ ವರ್ಷ ಕುಂತು ನಾಕ ಶಬ್ದ ನೆಟ್ಟಗ ಬರಂಗಿಲ್ಲ ನಿನಗ” ಎಂದು ಗದರುತ್ತಾರೆ. ತರಗತಿಯು ಗೊಳ್ಳೆಂದು ನಗುತ್ತದೆ. ಮರುದಿನದಿಂದ ಆ ಹುಡುಗ ಕೈ ಎತ್ತುವುದಿಲ್ಲ. ಕೇಳಿದ್ದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾನೆ. ವಾರದ ಬಳಿಕ ಅವನ ತಂದೆ ಬಂದು ವರ್ಗಾವಣೆ ಪತ್ರದ ಬಗ್ಗೆ ವಿಚಾರಿಸುತ್ತಾರೆ.

ಇಲ್ಲಿ ನಡೆದುದನ್ನು ಬಿಡಿಸಿ ನೋಡಬೇಕು. ಹುಡುಗನು ಸಿಟ್ಟಿನ ಕಾರಣವನ್ನು ಸ್ಪಷ್ಟವಾಗಿ ಹೇಳಿದ್ದನು. ಏನು ನಡೆಯಿತು, ತನಗೆ ಏನಾಯಿತು ಎಂಬ ಎರಡೂ ಅಂಶಗಳು ಅವನ ಒಂದೇ ವಾಕ್ಯದಲ್ಲಿದ್ದವು. ಕೋಪದ ನಿರ್ವಹಣೆಯಲ್ಲಿ ಮಗುವಿನಿಂದ ಬಯಸಬೇಕಾದುದು ಅದನ್ನೇ. ಅವನು ಬಳಸಿದ ‘ರಾಗ’ ಎಂಬ ಪದಕ್ಕೆ ಮರಾಠಿಯಲ್ಲಿಯೂ ಕೊಂಕಣಿಯಲ್ಲಿಯೂ ಸಿಟ್ಟೆಂಬುದೇ ಅರ್ಥ. ಸಂಸ್ಕೃತದಲ್ಲಿ ಆ ಪದಕ್ಕೆ ಬಣ್ಣ, ಅನುರಕ್ತಿ ಎಂಬ ಅರ್ಥಗಳಿವೆ. ಕನ್ನಡದಲ್ಲಿ ಅದು ಮುಖ್ಯವಾಗಿ ಸಂಗೀತದ ಪದವಾಗಿ ಉಳಿದಿದೆ. ಐದು ನಿಮಿಷಗಳ ಸೊಗಸಾದ ಭಾಷಾಪಾಠವಾಗಬಹುದಾಗಿದ್ದ ಗಳಿಗೆಯು ಅವಮಾನದ ಗಳಿಗೆಯಾಯಿತು. ಶಿಕ್ಷಕರ ಸಿಟ್ಟು ಹುಟ್ಟಿದುದು ಬೆಳಗಿನ ಸಭೆಯಲ್ಲಿ. ಅಲ್ಲಿ ಅವರ ಮರಾಠಿಯನ್ನು ಹೀಗಳೆಯಲಾಗಿತ್ತು. ಇಲ್ಲಿ ಅವರು ಹುಡುಗನ ಕನ್ನಡವನ್ನು ಹೀಗಳೆದರು. ತಾವು ಪಡೆದ ಪೆಟ್ಟನ್ನೇ ಅವರು ಅದೇ ರೂಪದಲ್ಲಿ ಕೆಳಕ್ಕೆ ದಾಟಿಸಿದರು.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009ರ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕೈ ಎತ್ತದ ಶಿಕ್ಷಕನೂ ನಾಲಗೆಯಿಂದ ಶಿಕ್ಷೆ ಕೊಡಬಲ್ಲನು.

5. ನಿರ್ವಹಣೆಯ ನಾಲ್ಕು ಹಂತಗಳು

ಮೊದಲನೆಯದು, ತಡೆ. ರೋಮಿನ ಚಿಂತಕ ಸೆನೆಕಾ ಕೋಪದ ಬಗ್ಗೆಯೇ ಒಂದು ಗ್ರಂಥವನ್ನು ರಚಿಸಿ, ತಡಮಾಡುವುದೇ ಅದಕ್ಕೆ ಮುಖ್ಯ ಮದ್ದೆಂದು ಹೇಳಿದನು. ತರಗತಿಯಲ್ಲಿ ತಡಮಾಡಲು ಸುಲಭದ ದಾರಿಗಳಿವೆ: ಕಪ್ಪುಹಲಗೆಯನ್ನು ನಿಧಾನವಾಗಿ ಒರೆಸುವುದು, ನೀರು ಕುಡಿಯುವುದು, ಉಸಿರನ್ನು ಒಳಕ್ಕೆ ಎಳೆದುದಕ್ಕಿಂತ ಹೆಚ್ಚು ಹೊತ್ತು ಹೊರಕ್ಕೆ ಬಿಡುವುದು, “ಇದನ್ನ ಬಿಡುವಿನ್ಯಾಗ ಮಾತಾಡೂಣು” ಎಂದು ಹೇಳುವುದು. ಸಭೆಯಿಂದಲೋ ಮನೆಯಿಂದಲೋ ಸಿಟ್ಟಿನಿಂದ ಬಂದವರು ತರಗತಿಯ ಹೊಸ್ತಿಲಲ್ಲಿ ಅರ್ಧ ನಿಮಿಷ ನಿಂತು ಒಳಗೆ ಹೋಗುವುದೂ ಒಂದು ತಡೆಯೇ.

ಎರಡನೆಯದು, ವಿಳಾಸ ಹುಡುಕುವುದು. ‘ಈ ಸಿಟ್ಟು ಎಲ್ಲಿ ಹುಟ್ಟಿತು? ಯಾರ ಮೇಲಿನದು? ಈಗ ಎದುರಿಗೆ ನಿಂತವನು ಅವನೇ ಏನು?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ವಿಳಾಸ ತಪ್ಪಿದ ಪತ್ರವನ್ನು ಅಂಚೆಯವನು ಹಿಂದಕ್ಕೆ ಕಳಿಸುವಂತೆ, ವಿಳಾಸ ತಪ್ಪಿದ ಕೋಪವನ್ನು ಹೊರಟಲ್ಲಿಗೇ ಹಿಂದಿರುಗಿಸಬೇಕು.

ಮೂರನೆಯದು, ಮಾತಾಗಿಸುವುದು. ಕೋಪದ ಮಾತಿನಲ್ಲಿ ಎರಡು ಪದಗಳು ಹೆಚ್ಚು ಹಾನಿ ಮಾಡುತ್ತವೆ: ‘ನೀನು’ ಮತ್ತು ‘ಯಾವಾಗಲೂ’. ‘ನೀನು ಯಾವಾಗಲೂ ಗದ್ದಲ ಮಾಡುತ್ತೀಯೆ’ ಎಂಬ ವಾಕ್ಯವು ಮಗುವಿನ ಒಂದು ಕೃತಿಯನ್ನು ಬಿಟ್ಟು ಇಡೀ ಮಗುವನ್ನೇ ದೂರುತ್ತದೆ. ಅದರ ಬದಲು ನಡೆದುದು, ಅನಿಸಿದುದು, ಬೇಕಾದುದು ಎಂಬ ಮೂರನ್ನು ಹೇಳಬಹುದು: ‘ಪದ್ಯ ಓದುವಾಗ ಹಿಂದಿನ ಸಾಲಿನಲ್ಲಿ ಮಾತು ಕೇಳಿಸಿತು. ನನಗೆ ಸಿಟ್ಟು ಬಂದಿದೆ. ಓದು ಮುಗಿಯುವವರೆಗೆ ಮಾತು ಬೇಡ.’ ಇದರಲ್ಲಿ ಸಿಟ್ಟನ್ನು ಮುಚ್ಚಿಟ್ಟಿಲ್ಲ, ಮಗುವನ್ನು ಕೀಳುಮಾಡಿಯೂ ಇಲ್ಲ. ಸಿಟ್ಟಿಗೆ ಹೆಸರಿಡುವ ಹಿರಿಯರನ್ನು ನೋಡಿಯೇ ಮಕ್ಕಳು ಹೆಸರಿಡಲು ಕಲಿಯುತ್ತಾರೆ.

ನಾಲ್ಕನೆಯದು, ದುರಸ್ತಿ. ‘ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಾರದು’ ಎಂದು ಗಾದೆ ಎಚ್ಚರಿಸುತ್ತದೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದೆಂಬುದು ನಿಜ. ಆದರೆ ಮುರಿದ ಸಂಬಂಧವನ್ನು ಬೆಸೆಯಲು ಸಾಧ್ಯ. ಅವಮಾನವು ಎಲ್ಲರೆದುರು ಆಗಿದ್ದರೆ ದುರಸ್ತಿಯೂ ಎಲ್ಲರೆದುರು ಆಗಬೇಕು. ಮೇಲಿನ ಸಂದರ್ಭದ ಶಿಕ್ಷಕರು ಹೀಗೆ ಹೇಳಬಹುದಾಗಿತ್ತು: “ಮೊನ್ನಿ ನಾ ಇವನ ಮಾತಿಗೆ ಚ್ಯಾಷ್ಟಿ ಮಾಡಿದೆ. ಅದು ನಂದ ತಪ್ಪು. ವಹಿ ಹರದರ ಯಾರಿಗಾದರೂ ಸಿಟ್ಟು ಬರತದ. ಮರಾಠ್ಯಾಗ ರಾಗ ಅಂತಾರ, ಕನ್ನಡದಾಗ ಸಿಟ್ಟು ಅಂತಾರ. ಇವನಿಗೆ ಎರಡೂ ಗೊತ್ತದಾವ.” ತಪ್ಪೊಪ್ಪಿಕೊಂಡರೆ ಶಿಕ್ಷಕನ ಗೌರವ ಕುಗ್ಗುವುದೆಂಬ ಅಂಜಿಕೆಗೆ ಆಧಾರವಿಲ್ಲ. ಹಿರಿಯರು ತಪ್ಪನ್ನು ತಿದ್ದಿಕೊಳ್ಳುವ ಕ್ರಮವನ್ನು ಕೆಲವು ಮಕ್ಕಳು ಮೊದಲ ಸಲ ಕಾಣುವುದು ಶಾಲೆಯಲ್ಲಿಯೇ.

ದುರಸ್ತಿಯೆಂದರೆ ಗುದ್ದಾಟವನ್ನು ಕ್ಷಮಿಸುವುದೆಂದಲ್ಲ. ಸಿಟ್ಟು ಬಂದುದು ಸರಿ, ಹೊಡೆದುದು ಸರಿಯಲ್ಲ ಎಂಬ ಭೇದವನ್ನು ಹುಡುಗನಿಗೂ, ವಹಿ ಹರಿದವನು ಅದನ್ನು ಅಂಟಿಸಿಕೊಡಬೇಕೆಂಬುದನ್ನು ಇನ್ನೊಬ್ಬನಿಗೂ ತಿಳಿಸಬೇಕು.

6. ಇತರ ಸಂಬಂಧಗಳು

ಪೋಷಕರೊಡನೆ: ಸಿಟ್ಟಿನಿಂದ ಬಂದ ಪೋಷಕರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತನಾಡಿಸಬಾರದು. ಕುಳ್ಳಿರಿಸಿ, ಪೂರ್ತಿ ಕೇಳಿ, ಕೇಳಿದುದನ್ನು ಒಮ್ಮೆ ತಿರುಗಿ ಹೇಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಕಾಸರಗೋಡಿನಂಥಲ್ಲಿ ಪೋಷಕರು ತುಳುವಿನಲ್ಲೋ ಮಲಯಾಳದಲ್ಲೋ ಮಾತು ತೆಗೆದರೆ ಅದೇ ಭಾಷೆಯಲ್ಲಿ ಕಿವಿಗೊಡುವುದು ಒಳ್ಳೆಯದು. ಸಿಟ್ಟು ತನ್ನ ಮನೆಮಾತಿನಲ್ಲಿಯೇ ಸರಿಯಾಗಿ ಹೊರಬರುತ್ತದೆ.

ಸಹೋದ್ಯೋಗಿಗಳೊಡನೆ: ಇಬ್ಬರು ಮೂವರೇ ಇರುವ ಶಾಲೆಯಲ್ಲಿ ಮಾತು ಬಿಡುವುದು ದೊಡ್ಡ ನಷ್ಟ. ಕೆಲಸದ ಹಂಚಿಕೆಯ ಬಗೆಗಿನ ಅಸಮಾಧಾನವನ್ನು ಮೆಟ್ಟಿಲು ಏರುವ ಮುನ್ನವೇ, ಅದು ಕಿರಿಕಿರಿಯಾಗಿರುವಾಗಲೇ ಹೇಳಿಬಿಡಬೇಕು. ‘ಮಾತು ಬಲ್ಲವನಿಗೆ ಜಗಳವಿಲ್ಲ.’

ಮನೆಯಲ್ಲಿ: ಶಾಲೆಯ ಕೋಪವು ಮನೆಗೂ ಹರಿಯುತ್ತದೆ. ಮನೆಗೆ ಬಂದೊಡನೆ ‘ಇವತ್ತು ಮನಸ್ಸು ಸರಿಯಿಲ್ಲ, ನಿಮ್ಮ ಮೇಲಲ್ಲ’ ಎಂಬ ಒಂದು ಮಾತು ಮನೆಯವರನ್ನು ಕೊತ್ತಿಯ ಪಾತ್ರದಿಂದ ಬಿಡುಗಡೆ ಮಾಡುತ್ತದೆ.

ಆಡಳಿತದೊಡನೆ: ಖಾಲಿ ಹುದ್ದೆ, ತಡವಾದ ಪುಸ್ತಕ, ಕನ್ನಡದಲ್ಲಿಲ್ಲದ ನಮೂನೆಗಳ ಬಗೆಗಿನ ಕೋಪವು ಸಾತ್ತ್ವಿಕ ಕೋಪ. ಅದಕ್ಕೆ ಸಂವಿಧಾನವೇ ವಿಳಾಸವನ್ನು ಒದಗಿಸಿದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸುವ ಹೊಣೆಯನ್ನು ರಾಜ್ಯಗಳಿಗೂ ಸ್ಥಳೀಯ ಪ್ರಾಧಿಕಾರಗಳಿಗೂ ವಹಿಸಿದೆ. 350-ಬಿ ಅನುಚ್ಛೇದವು ಈ ರಕ್ಷಣೆಗಳ ಬಗ್ಗೆ ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸುವ ವಿಶೇಷಾಧಿಕಾರಿಯ ನೇಮಕಕ್ಕೆ ಅವಕಾಶ ಕಲ್ಪಿಸಿದೆ. ಒಬ್ಬನ ಕೂಗು ದವಡೆಗೆ ಮೂಲವಾಗಬಹುದು. ದಿನಾಂಕ, ಅಂಕಿಸಂಖ್ಯೆ, ಸ್ಪಷ್ಟ ಬೇಡಿಕೆ ಮತ್ತು ಹಲವರ ಸಹಿ ಇರುವ ಮನವಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಅದರ ಒಂದು ಪ್ರತಿಯನ್ನು ಶಾಲೆಯ ಕಡತದಲ್ಲಿ ಇರಿಸಬೇಕು.

7. ತರಗತಿ ಚಟುವಟಿಕೆ: ಸಿಟ್ಟಿನ ಏಣಿ (ತರಗತಿ 4ರಿಂದ 7, ಅವಧಿ 40 ನಿಮಿಷ)

ಕಪ್ಪುಹಲಗೆಯ ಮೇಲೆ ಏಳು ಮೆಟ್ಟಿಲುಗಳ ಏಣಿಯನ್ನು ಬರೆಯಬೇಕು. ಸಿಟ್ಟಿಗೆ ಮನೆಯಲ್ಲಿ ಬಳಸುವ ಪದಗಳನ್ನು, ಅವು ಯಾವ ಭಾಷೆಯವಾದರೂ ಸರಿ, ಮಕ್ಕಳಿಂದ ಹೇಳಿಸಿ ಬದಿಯಲ್ಲಿ ಪಟ್ಟಿಮಾಡಬೇಕು. ಅನಂತರ ಕನ್ನಡದ ಪದಗಳನ್ನು ಚರ್ಚಿಸಿ ಮೆಟ್ಟಿಲುಗಳ ಮೇಲೆ ಜೋಡಿಸಬೇಕು. ಮಕ್ಕಳು ತಮಗೆ ಸಿಟ್ಟು ಬಂದ ಒಂದು ಸಂದರ್ಭವನ್ನು ಮೂರು ವಾಕ್ಯಗಳಲ್ಲಿ ಬರೆಯುವರು: ನಡೆದುದು, ಅನಿಸಿದುದು, ಬೇಕಾದುದು. ಓದಿ ತೋರಿಸುವಂತೆ ಒತ್ತಾಯಿಸಬಾರದು. ಬರೆದ ಹಾಳೆಯಲ್ಲಿ ಮನೆಯ ಹೊಡೆತ ಬಡಿತಗಳ ಸೂಚನೆ ಕಂಡುಬಂದರೆ ಶಿಕ್ಷಕರು ಮಗುವಿನೊಡನೆ ಏಕಾಂತದಲ್ಲಿ ಮಾತನಾಡಿ, ಅಗತ್ಯವಿದ್ದಲ್ಲಿ ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯಬೇಕು.

ಚರ್ಚೆಗೆ ಪ್ರಶ್ನೆಗಳು

1. ಸಿಟ್ಟು ಮತ್ತು ಮುನಿಸುಗಳ ನಡುವಣ ವ್ಯತ್ಯಾಸವನ್ನು ತರಗತಿಯ ಉದಾಹರಣೆಗಳಿಂದ ವಿವರಿಸಿರಿ.
2. ಕಳೆದ ವಾರದ ಒಂದು ಕೋಪವನ್ನು ನೆನೆದು ಅದು ಹುಟ್ಟಿದ ಸ್ಥಳವನ್ನೂ ಎರಗಿದ ಸ್ಥಳವನ್ನೂ ಬರೆಯಿರಿ.
3. ಸಂದರ್ಭ ಅಧ್ಯಯನದ ತಂದೆಯೊಡನೆ ಶಿಕ್ಷಕರು ಹೇಗೆ ಮಾತನಾಡಬೇಕಾಗಿತ್ತು? ಆ ಪ್ರದೇಶದ ಆಡುಮಾತಿನಲ್ಲಿ ಸಂಭಾಷಣೆಯನ್ನು ರಚಿಸಿರಿ.
4. ಶಾಲೆಯ ಒಂದು ನಿಜವಾದ ಕುಂದುಕೊರತೆಯ ಬಗ್ಗೆ ಒಂದು ಪುಟದ ಮನವಿಯನ್ನು ಸಿದ್ಧಪಡಿಸಿರಿ.

ಸಾರಾಂಶ

ಕೋಪ ಬರುವುದು ದೋಷವಲ್ಲ. ಅದು ತನ್ನ ನಿಜವಾದ ವಿಳಾಸವನ್ನು ಬಿಟ್ಟು ದುರ್ಬಲರ ಮೇಲೆ ಎರಗುವುದು ದೋಷ. ತಡೆದು, ವಿಳಾಸ ಹುಡುಕಿ, ಮಾತಾಗಿಸಿ, ಕೆಟ್ಟುದನ್ನು ಸರಿಪಡಿಸುವ ಶಿಕ್ಷಕನು ಮಗುವಿನ ಮನಸ್ಸನ್ನೂ ಅದರ ನಾಲಗೆಯ ಮೇಲಿನ ಕನ್ನಡವನ್ನೂ ಒಟ್ಟಿಗೆ ಕಾಪಾಡುತ್ತಾನೆ.